ನಾಲ್ಕನೆಯ ಮೂಲೆ

ಐದನೆಯ ಹಿಮಗಡ್ಡೆ ಒಡೆದಾಗ ಬೆಳಿಗ್ಗೆ ಹತ್ತೂ ನಲವತ್ತು. ಒಡೆದದ್ದು ಹಿಮಾಲಯದಲ್ಲಿ, ಹದಿನೆಂಟು ಸಾವಿರ ಅಡಿ ಎತ್ತರದ ಒಂದು ಕಣಿವೆಯಲ್ಲಿ. ಅದನ್ನು ಕಂಡು ಕುರ್ಚಿಯಿಂದ ಎದ್ದು ನಿಂತವಳು ರಾಣೆಬೆನ್ನೂರಿನ ಹಳೆಯ ಹತ್ತಿ ಗೋದಾಮಿನಲ್ಲಿದ್ದ ವನಮಾಲಾ ಹಿತ್ತಲಮನಿ. ಪರದೆಯ ಮೇಲೆ ಮುನ್ನೂರು ಕಿಲೋದ ಗಡ್ಡೆ ಎರಡು ಹೋಳಾಗಿ ಬಿದ್ದಿತ್ತು. ಅದರ ಗುಳ್ಳೆಗಳಲ್ಲಿ ಸಾವಿರಾರು ವರ್ಷ ಸಿಕ್ಕಿಕೊಂಡಿದ್ದ ಗಾಳಿ, ಯಾರೂ ಅಳೆಯುವ ಮೊದಲೇ ಇವತ್ತಿನ ಗಾಳಿಯಲ್ಲಿ ಸೇರಿಹೋಗಿತ್ತು.

ಪರದೆಯ ಕೆಳಗಿನ ಸಾಲಿನಲ್ಲಿ ನಾಲ್ಕು ಮುಖಗಳಿದ್ದವು. ನಾಲ್ಕೂ ಬೇರೆ ಬೇರೆ ಊರಿನಲ್ಲಿ ಕೂತವು. ಮೈಲಾರಪ್ಪನೆಂಬಾತ ಮಾತ್ರ ತಲೆ ತಗ್ಗಿಸಿ, ತನ್ನ ಚೌಕದಿಂದ ಮೆಲ್ಲಗೆ ಹೊರಗೆ ಜರುಗಿದ.

ಈ ನಾಲ್ವರು ಒಂದು ಕಾಲಕ್ಕೆ ರಾಣೆಬೆನ್ನೂರಿನ ಮಾರುಕಟ್ಟೆಯಲ್ಲಿ ಒಂದೇ ತಂಡದ ಹಮಾಲರು. ನಾಲ್ಕು ಮೂಲೆಗೆ ನಾಲ್ವರು ನಿಂತು ಹತ್ತಿಯ ಅಂಡಿಗೆ ಎತ್ತಿ ಲಾರಿಗೆ ಹೇರುವುದರಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ಆಮೇಲೆ ಹೇರುವ ಯಂತ್ರಗಳು ಬಂದವು, ತಂಡ ದಿಕ್ಕಾಪಾಲಾಯಿತು. ತಂಡದ ಮುಂದಾಳು, ಮುಕಾದಂ ಗುಡ್ಡಪ್ಪ ಊರಲ್ಲೇ ಉಳಿದ. ಹಜರತಸಾಬ ಹುಬ್ಬಳ್ಳಿಗೆ ಹೋದ, ನಿಂಗರಾಜ ಲಕ್ಷ್ಮೇಶ್ವರ ಸೇರಿದ, ಮೈಲಾರಪ್ಪ ಬೆಟಗೇರಿಯಲ್ಲಿ ಮಗಳು ಅಳಿಯನ ಜೊತೆ ಇರತೊಡಗಿದ. ಹನ್ನೆರಡು ವರ್ಷದ ಮೇಲೆ ಅವರನ್ನು ಮತ್ತೆ ಒಂದೇ ಭಾರದ ಕೆಳಗೆ ತಂದು ನಿಲ್ಲಿಸಿದ್ದು ‘ಹೆಗಲು’ ಎಂಬ ತಂತ್ರಾಂಶ.

ಹಿಮದಾಳದಿಂದ ಕೊಯ್ದು ತೆಗೆದ ಗಡ್ಡೆ ಗಾಜಿಗಿಂತ ಸೂಕ್ಷ್ಮ. ಒಳಗಿನ ಗಾಳಿ ಹೊರಗೆ ಒತ್ತುತ್ತಿರುತ್ತದೆ. ಎತ್ತುವಾಗ ಸ್ವಲ್ಪ ತಿರುಚಿದರೂ ಒಡೆಯುತ್ತದೆ. ಪೂರಾ ಸ್ವಯಂಚಾಲಿತ ಯಂತ್ರ ಮೂರರಲ್ಲಿ ಒಂದನ್ನು ಒಡೆದು ಹಾಕಿತ್ತು. ಮನುಷ್ಯರು ಆ ಎತ್ತರದಲ್ಲಿ ತಿಂಗಳುಗಟ್ಟಲೆ ಇರಲಾರರು. ಹಾಗಾಗಿ ಅಲ್ಲಿ ನಾಲ್ಕು ಲೋಹದ ತೋಳುಗಳನ್ನು ನಿಲ್ಲಿಸಿ, ಇಲ್ಲಿ ನಾಲ್ವರು ಹಮಾಲರಿಗೆ ಎರಡೂ ಕೈಗೆ ತೊಡುವ ಒಂದೊಂದು ತೋಳುಕವಚ ಕೊಟ್ಟರು. ಅವರು ಅದನ್ನು ಅಂಗಿ ಎನ್ನುತ್ತಿದ್ದರು. ಅಂಗಿ ತೊಟ್ಟು ಕೈ ಎತ್ತಿದರೆ ಅಲ್ಲಿ ತೋಳು ಎತ್ತುತ್ತದೆ, ಅಲ್ಲಿನ ಭಾರದ ಹತ್ತನೆಯ ಒಂದು ಪಾಲು ಇಲ್ಲಿ ಕೈಗೆ ಬೀಳುತ್ತದೆ.

ತೊಡಕು ಇದ್ದದ್ದು ಅರ್ಧ ಸೆಕೆಂಡಿನಲ್ಲಿ. ಮಾತಾಗಲಿ, ಕೈಯ ಚಲನೆಯಾಗಲಿ ಉಪಗ್ರಹದವರೆಗೆ ಹೋಗಿ ಬರಲು ಅಷ್ಟು ಹೊತ್ತು ಬೇಕು. ಗುಡ್ಡಪ್ಪ ‘ಎತ್ತು’ ಎಂದದ್ದು ಉಳಿದವರಿಗೆ ಕೇಳುವಷ್ಟರಲ್ಲಿ ಅವನ ಮೂಲೆ ಮೇಲೆ ಹೋಗಿಬಿಟ್ಟಿರುತ್ತದೆ. ಹೆಗಲು ಮಾಡುತ್ತಿದ್ದ ಉಪಕಾರವೆಂದರೆ, ಒಬ್ಬೊಬ್ಬನ ಎತ್ತುವ ರೀತಿಯನ್ನು ಕಲಿತುಕೊಂಡು, ಬೆರಳು ಬಿಗಿಯಾದದ್ದನ್ನು ನೋಡಿಯೇ ಅವನು ಮುಂದಿನ ಅರ್ಧ ಸೆಕೆಂಡಿನಲ್ಲಿ ಏನು ಮಾಡುತ್ತಾನೆಂದು ಊಹಿಸಿ, ಉಳಿದ ಮೂವರ ಕೈಗೆ ಮೊದಲೇ ಮುಟ್ಟಿಸುವುದು. ನಾಲ್ಕು ಊರಿನ ನಾಲ್ವರಿಗೆ ತಾವು ಅಕ್ಕಪಕ್ಕ ನಿಂತಿದ್ದೇವೆ ಎನಿಸುತ್ತಿತ್ತು. ಎರಡು ವರ್ಷದಲ್ಲಿ ಐವತ್ತಾರು ಗಡ್ಡೆ ಎತ್ತಿ, ಒಂದೇ ಒಂದನ್ನು ಒಡೆದಿದ್ದರು.

ಈಗ ಎಂಟು ದಿನದಲ್ಲಿ ಐದು ಹೋಗಿದ್ದವು. ಎಂಟು ದಿನದ ಹಿಂದೆ ಬಂದ ಹೊಸತೆಂದರೆ ಹೆಗಲಿನ ಹೊಸ ಆವೃತ್ತಿ ಒಂದೇ, ಮತ್ತು ಅದನ್ನು ಬರೆದವಳು ಸ್ವತಃ ವನಮಾಲಾ.

ಆ ಮಂಗಳವಾರ ಮಧ್ಯಾಹ್ನ, ಹಿಮದೊಳಗಿನ ಹಳೆಯ ಗಾಳಿ ಅಳೆಯುವ ಈ ಯೋಜನೆಯ ಮುಖ್ಯಸ್ಥರಾದ ಡಾಕ್ಟರ್ ಕೌಜಲಗಿ ಕರೆ ಮಾಡಿದರು. ಸಿಟ್ಟಿನ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. ಹಳೆಯ ತಂಡಕ್ಕೆ ವಯಸ್ಸಾಯಿತೇನೋ ಎಂಬ ಅನುಮಾನ ಸಮಿತಿಗೆ ಬಂದಿದೆ ಎಂದರು. ಸೋಮವಾರ ಮುಂದಿನ ಗಡ್ಡೆ. ಸಮಿತಿಯವರು ಕೂತು ನೋಡುತ್ತಾರೆ. ಅದೂ ಒಡೆದರೆ ನಾಲ್ವರನ್ನೂ ಬಿಡಿಸಿ, ಸುಧಾರಿಸಿದ ಸ್ವಯಂಚಾಲಿತ ತೋಳುಗಳನ್ನು ತರಿಸುತ್ತಾರೆ. ವನಮಾಲಾಗೆ ಸಿಕ್ಕಿದ್ದು ಐದು ದಿನ.

ತಪ್ಪು ತನ್ನದಿರಬಹುದು ಎಂದು ಅವಳು ಮೊದಲೇ ಒಪ್ಪಿಕೊಂಡಳು. ಆದರೆ ಏನು ತಪ್ಪು ಎಂಬುದು ಕೈಗೆ ಸಿಗಲೊಲ್ಲದು. ಹೊಸ ಆವೃತ್ತಿಯಲ್ಲಿ ಅವಳು ಮಾಡಿದ್ದು ಎರಡೇ ಕೆಲಸ. ಒಂದು, ಯಾರಾದರೂ ಆತುರಪಟ್ಟು ಕೂದಲೆಳೆಯಷ್ಟು ಮುಂಚೆ ಎತ್ತಿದರೆ ಅದನ್ನು ತಿದ್ದಿ ಎಲ್ಲರ ಜೊತೆ ಸರಿಗಟ್ಟುವುದು. ಹಜರತಸಾಬ ಮತ್ತು ನಿಂಗರಾಜನಿಗೆ ಈ ಆತುರದ ಚಟ ಇತ್ತು. ಇನ್ನೊಂದು, ಗಡ್ಡೆಯ ಯಾವ ಮೂಲೆ ಭಾರವೋ ಅದನ್ನು ತಂಡದ ಗಟ್ಟಿಗನಿಗೆ ಕೊಡುವುದು. ಗಟ್ಟಿಗ ಯಾರೆಂದು ಹೆಗಲು ಎರಡು ವರ್ಷದ ದಾಖಲೆಯಲ್ಲಿ ಕೈಯ ಸ್ಥಿರತೆ ನೋಡಿ ಅಂಕ ಕೊಡುತ್ತಿತ್ತು. ಮೈಲಾರಪ್ಪನಿಗೆ ತೊಂಬತ್ತೊಂದು, ಎಲ್ಲರಿಗಿಂತ ಹೆಚ್ಚು. ಅವನ ಕೈ ಅಷ್ಟು ಅಲುಗದೆ ನಿಲ್ಲುತ್ತಿತ್ತು. ನಲವತ್ತಕ್ಕಿಂತ ಕೆಳಗಿಳಿದವನ ಅಂಗಿ ತಾನಾಗಿ ನಿಂತುಹೋಗುವ ನಿಯಮವೂ ಇತ್ತು. ಆದರೆ ಅಲ್ಲಿಗೆ ಯಾರೂ ಇಳಿದಿರಲಿಲ್ಲ.

ಎರಡು ದಿನ ಅವಳು ಎರಡು ವರ್ಷದ ದಾಖಲೆ ಕೆದಕಿದಳು. ಬುಧವಾರ ರಾತ್ರಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪ್ರತಿ ಲೋಹದ ತೋಳಿನಲ್ಲೂ ಒಂದು ತೂಕಮಾಪಕ ಇತ್ತು. ಮೂರನೆಯ ತೋಳಿನದು ಹೆಚ್ಚುಕಡಿಮೆ ಮೊದಲಿನಿಂದಲೂ ಕೆಟ್ಟದ್ದು. ಭಾರ ಎತ್ತಿದರೂ ನಾಲ್ಕೋ ಐದೋ ಕಿಲೋ ತೋರಿಸುತ್ತಿತ್ತು. ಚಳಿಗೆ ಹಿಡಿದುಕೊಂಡಿದೆ ಎಂದು ಅವಳೇ ಬರೆದಿಟ್ಟು, ಅದರ ಮಾತು ಕೇಳಬೇಡ ಎಂದು ಹೆಗಲಿಗೆ ಹೇಳಿದ್ದಳು. ಆ ಕೆಟ್ಟ ಮಾಪಕ ಹೊಸ ಆವೃತ್ತಿ ಬಂದ ದಿನವೇ ಸರಿಯಾಗಿತ್ತು. ಯಾರೂ ರಿಪೇರಿ ಮಾಡಿರಲಿಲ್ಲ. ಗಡ್ಡೆ ಒಡೆಯತೊಡಗಿದ್ದೂ ಅಂದಿನಿಂದಲೇ.

ಇನ್ನೂ ಹಿಂದಕ್ಕೆ ಹೋದಳು. ಹೋದ ವರ್ಷ ಮೂರನೆಯ ತೋಳಿನ ಎಣ್ಣೆ ಸೋರಿ, ಅದನ್ನು ನಡೆಸುವ ಮೈಲಾರಪ್ಪ ಒಂದು ವಾರ ಗುಡ್ಡಪ್ಪನ ಒಂದನೆಯ ತೋಳು ಹಿಡಿದಿದ್ದ. ಮೂರನೆಯದನ್ನು ಹೇಗೋ ಗುಡ್ಡಪ್ಪ ನಡೆಸಿದ್ದ. ಆ ವಾರ ಒಂದನೆಯ ತೋಳಿನ ಮಾಪಕ ಕೆಟ್ಟಿತ್ತು, ಮೂರನೆಯದು ನೆಟ್ಟಗಿತ್ತು. ಅವನು ಮರಳಿ ಬಂದ ಮೇಲೆ ಕೇಡೂ ಮರಳಿ ಬಂದಿತ್ತು. ಮಾಪಕದ ಕಾಯಿಲೆ ಮನುಷ್ಯನ ಬೆನ್ನು ಹತ್ತಿ ತೋಳಿನಿಂದ ತೋಳಿಗೆ ನಡೆಯುವುದುಂಟೇ ಎಂದು ವನಮಾಲಾ ಕಾಗದದ ಮೇಲೆ ಬರೆದುಕೊಂಡು, ಅದನ್ನೇ ನೋಡುತ್ತ ಕೂತಳು.

ಉತ್ತರ ಸಿಕ್ಕಿದ್ದು ಮನೆಯಲ್ಲಿ. ಮರುದಿನ ಬೆಳಿಗ್ಗೆ ಅವಳ ಗಂಡ ಚಂದ್ರಕಾಂತ ಪಕ್ಕದ ಮನೆಯವರನ್ನು ಕರೆದು ಪಡಸಾಲೆಯ ತೇಗದ ಮಂಚವನ್ನು ಒಳಕೋಣೆಗೆ ಸಾಗಿಸುತ್ತಿದ್ದ. ಎಪ್ಪತ್ತು ದಾಟಿದ ಅತ್ತೆ ಒಂದು ಕಾಲು ತಾನೇ ಹಿಡಿಯುತ್ತೇನೆಂದು ಹಟ ಹಿಡಿದರು. ಬೇಡವೆಂದರೆ ಊಟ ಬಿಡುವ ಜಾತಿ. ಎಲ್ಲರೂ ಒಪ್ಪಿದರು, ಮಂಚ ಸಲೀಸಾಗಿ ಎದ್ದಿತು. ಅತ್ತೆ ಒಂದಿಷ್ಟೂ ಏದುಸಿರಿಲ್ಲದೆ ನಡೆದರು, ತಮ್ಮ ಶಕ್ತಿಯ ಬಗ್ಗೆ ಎರಡು ಮಾತೂ ಆಡಿದರು. ವನಮಾಲಾ ಬಗ್ಗಿ ನೋಡಿದಳು. ಗಂಡನೂ ಪಕ್ಕದ ಮನೆಯವರೂ ಅತ್ತೆಯ ಎಡಬಲದ ಕಾಲುಗಳನ್ನು ಒಂದು ಕ್ಷಣ ಮುಂಚೆಯೇ, ಒಂದೊಂದು ಬೆರಳಷ್ಟು ಮೇಲಕ್ಕೆ ಎತ್ತಿ ಹಿಡಿದಿದ್ದರು. ಅತ್ತೆಯ ಕೈಗೆ ಮಂಚದ ಭಾರವೇ ತಾಗಿರಲಿಲ್ಲ. ತಾಗದ ಕೈ ಅಲುಗುವುದೂ ಇಲ್ಲ.

ಅವಳು ಚಹಾ ಕುಡಿಯದೆ ಗುಡ್ಡಪ್ಪನ ಮನೆಗೆ ನಡೆದಳು. ಆತ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮೈಲಾರಪ್ಪನ ಪಾಲಿನ ಭಾರವನ್ನು ಅಕ್ಕಪಕ್ಕದ ಇಬ್ಬರು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೇರವಾಗಿ ಕೇಳಿದಳು. ಗುಡ್ಡಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡ.

“ಅದನ್ನ ಕೇಳಬಾರ್ದ್ರಿ ಅಕ್ಕಾರ,” ಎಂದ. “ಕೇಳಿದ್ರ ಹೇಳಬೇಕಾಗ್ತೈತಿ.”

ಆಮೇಲೆ ಹೇಳಿದ. ಅವರ ತಂಡದಲ್ಲಿ ಅದಕ್ಕೆ ಭಾರ ಕದಿಯುವುದು ಎಂದು ಹೆಸರು. ಜ್ವರವೋ, ಬೆನ್ನುನೋವೋ, ಮನೆಯಲ್ಲಿ ಸಾವೋ, ಒಬ್ಬನ ಮೈ ಸೋತ ದಿನ ಎಡಬಲದವರು ಒಂದು ಉಸಿರು ಮುಂಚೆ ಎತ್ತುತ್ತಾರೆ. ನಡುವಿನವನ ಮೂಲೆ ಹಗುರಾಗುತ್ತದೆ. ಅವನಿಗೆ ಹೇಳುವ ಹಾಗಿಲ್ಲ. ಅವನು ಕೇಳುವ ಹಾಗೂ ಇಲ್ಲ. ನಾಳೆ ಇನ್ನೊಬ್ಬನ ಸರದಿ. ಮೈಲಾರಪ್ಪನಿಗೆ ಈ ಕೆಲಸ ಶುರುವಾದ ತಿಂಗಳೊಪ್ಪತ್ತಿನಲ್ಲೇ ಲಕ್ವ ಹೊಡೆದು ಎಡಗೈ ಅರ್ಧ ಹೋಗಿತ್ತು. ಅಂದಿನಿಂದ ಹಜರತಸಾಬ, ನಿಂಗರಾಜ ದಿನವೂ ಕದಿಯುತ್ತಿದ್ದರು. ಯಾರೂ ಒಬ್ಬರಿಗೊಬ್ಬರು ಇದನ್ನು ಆಡಿರಲಿಲ್ಲ.

ವನಮಾಲಾಗೆ ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಹೆಗಲು ಒಂದು ಕರುಣೆಯನ್ನು ಆತುರವೆಂದು ತಿಳಿದು ತಿದ್ದಿತ್ತು. ಭಾರವೇ ಇಲ್ಲದ ಕೈಯನ್ನು ಎಲ್ಲಕ್ಕಿಂತ ಗಟ್ಟಿ ಕೈ ಎಂದು ಎಣಿಸಿ, ಅರ್ಧ ಸತ್ತ ತೋಳಿಗೆ ಅತಿ ಭಾರದ ಮೂಲೆಯನ್ನು ಒಪ್ಪಿಸಿತ್ತು. ಪರಿಹಾರ ಸುಲಭ, ಎರಡನ್ನೂ ತೆಗೆದುಹಾಕುವುದು. ಆದರೆ ಕಾರಣವನ್ನು ಸಮಿತಿಗೆ ಬರೆದು ಕೊಡಬೇಕು. ಬರೆದರೆ ಮಾಪಕವನ್ನು ನಂಬಬೇಕಾಗುತ್ತದೆ, ಮಾಪಕವನ್ನು ನಂಬಿದರೆ ಮೈಲಾರಪ್ಪನ ಅಂಕ ತೊಂಬತ್ತೊಂದರಿಂದ ಆರಕ್ಕೆ ಇಳಿದು, ಅವನ ಅಂಗಿ ತಾನಾಗಿ ನಿಂತುಹೋಗುತ್ತದೆ.

ಶುಕ್ರವಾರ ಅವಳು ಬಸ್ಸು ಹತ್ತಿ ಬೆಟಗೇರಿಗೆ ಹೋದಳು. ಮೈಲಾರಪ್ಪನ ಮಗಳು ಕಸ್ತೂರೆವ್ವ ಬಾಗಿಲು ತೆರೆದು, ಅಪ್ಪ ಹತ್ತು ದಿನದಿಂದ ನೆಟ್ಟಗೆ ಉಂಡಿಲ್ಲವೆಂದು ದೂರಿದಳು. ಆತ ಕಿಟಕಿಯ ಹತ್ತಿರ ಕೂತಿದ್ದ, ಎಡಗೈ ಟವೆಲ್ಲಿನ ಕೆಳಗಿತ್ತು. ಗೋಡೆಯ ಮೊಳೆಗೆ ಅಂಗಿ ತೂಗುಹಾಕಿತ್ತು. ಮಗಳು ಒಳಗೆ ಹೋಗುವ ತನಕ ಇಬ್ಬರೂ ಬಿಸಿಲು, ಬಸ್ಸು ಎಂದು ಏನೇನೋ ಆಡಿದರು. ಆಮೇಲೆ ವನಮಾಲಾ ವಿಷಯಕ್ಕೆ ಬರುವ ಮೊದಲೇ ಆತನೇ ಮಾತು ತೆಗೆದ.

“ನನಗ ಮೊದಲಿಂದ ಗೊತ್ತೈತ್ರಿ,” ಎಂದ. “ಮೂವತ್ತು ವರ್ಸ ಅಂಡಿಗಿ ಎತ್ತಿದ ಕೈ ಇದು. ಭಾರ ಬಂದಿದ್ದು ತಿಳೀತೈತಿ, ಬರಲಾರದ್ದೂ ತಿಳೀತೈತಿ. ಒಂದ್ ದಿನ ಎರಡ್ ದಿನ ಕದಿಯೋದು ಬ್ಯಾರೆ. ಎರಡ್ ವರ್ಸ ಅವರ ಮ್ಯಾಲ ಬಿದ್ದೀನಿ. ಪ್ರತಿ ತಿಂಗಳಾ ಕೆಲಸ ಬಿಡಬೇಕಂತೀನಿ, ಮತ್ತ ಮುಂಜಾನೆ ಅವರ ದನಿ ಕೇಳಿದ್ರ ಅಂಗಿ ಹಾಕ್ಕೊಂಡು ಕೂಡ್ತೀನಿ.”

ಸೋಮವಾರದ್ದು ಎತ್ತಿ ಕೊಟ್ಟು ತಾನು ಹೊರಗೆ ಹೋಗುವುದಾಗಿಯೂ, ಅಲ್ಲಿಗೆ ಮೂವರ ಕೆಲಸ ಉಳಿಯುತ್ತದೆಂದೂ ಹೇಳಿದ. ಒಂದು ಮೂಲೆ ಬಿಟ್ಟು ಮೂರರ ಮೇಲೆ ಭಾರ ನಿಲ್ಲುತ್ತದೆ, ಅದನ್ನು ಅವರು ಎರಡು ವರ್ಷ ಮಾಡಿ ತೋರಿಸಿದ್ದಾರೆ. ಮಾತಿನಲ್ಲಿ ಅಳು ಇರಲಿಲ್ಲ. ಅದಕ್ಕೇ ವನಮಾಲಾಗೆ ಕೇಳುವುದು ಕಷ್ಟವಾಯಿತು.

ಮರಳುವಾಗ ಬಸ್ಸಿನಲ್ಲಿ ಅವಳ ತಲೆ ಒಂದೇ ಪ್ರಶ್ನೆಯನ್ನು ಕುಕ್ಕುತ್ತಿತ್ತು. ಮೂರು ಮೂಲೆಯ ಮೇಲೆ ಗಡ್ಡೆ ನಿಲ್ಲುವುದು ನಿಜ. ಆದರೆ ಸ್ವಯಂಚಾಲಿತ ತೋಳುಗಳು ನಾಲ್ಕಿದ್ದೂ ಮೂರಕ್ಕೊಂದು ಒಡೆಯುತ್ತಿದ್ದವು. ಈ ಮೂವರು ಮಾತ್ರ, ಒಂದು ಸತ್ತ ಮೂಲೆ ಇಟ್ಟುಕೊಂಡು, ಐವತ್ತಾರಕ್ಕೆ ಒಂದೇ ಒಡೆದದ್ದು ಹೇಗೆ? ಒಳ್ಳೆಯತನಕ್ಕೆ ಮಂಜುಗಡ್ಡೆ ಮರುಳಾಗುವುದಿಲ್ಲ. ಏನೋ ಒಂದು ಭೌತಿಕ ಕಾರಣ ಇರಲೇಬೇಕು.

ಶನಿವಾರ ಗೋದಾಮಿನಲ್ಲಿ ಕೂತು ಈ ಸಲ ಎತ್ತಿದ್ದನ್ನು ಬಿಟ್ಟು ನಿಲ್ಲಿಸಿದ್ದನ್ನು ನೋಡಿದಳು. ಐವತ್ತಾರು ಎತ್ತಿನಲ್ಲಿ ಇಪ್ಪತ್ಮೂರು ಸಲ ತಂಡ ನಡುವೆ ನಿಂತು, ಗಡ್ಡೆ ಇಳಿಸಿ, ಅದರ ಅಡಿಗೆ ಬಿಗಿದ ಪಟ್ಟಿ ಸರಿಮಾಡಿ ಮತ್ತೆ ಎತ್ತಿತ್ತು. ಪ್ರತಿ ಸಲವೂ ಗಡ್ಡೆಯ ಅಡಿಯಲ್ಲಿ ಕಣ್ಣಿಗೆ ಕಾಣದಂಥ ಬಿರುಕು ಶುರುವಾಗಿತ್ತು. ಅದು ಗುಡ್ಡಪ್ಪನ ಅನುಭವ ಎಂದು ಎಲ್ಲರೂ ತಿಳಿದಿದ್ದರು, ಗುಡ್ಡಪ್ಪನೂ ಹಾಗೇ ತಿಳಿದಿದ್ದ. ವನಮಾಲಾ ನಾಲ್ಕು ಕೈಗಳ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು, ಸೆಕೆಂಡನ್ನು ನೂರು ಭಾಗ ಮಾಡಿ ನೋಡಿದಳು. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಸಲ ಮೊದಲು ಬಿಗಿಯಾದ ಬೆರಳು ಮೈಲಾರಪ್ಪನದು.

ಬಿರಿಯುವ ಮುನ್ನ ಹಿಮ ಸಣ್ಣಗೆ ನಡುಗುತ್ತದೆ. ಭಾರ ಹಿಡಿದ ಕೈಗೆ ಅದು ತಿಳಿಯುವುದಿಲ್ಲ, ಭಾರವೇ ಆ ನಡುಕವನ್ನು ನುಂಗಿಬಿಡುತ್ತದೆ. ಸುಮ್ಮನೆ ಮುಟ್ಟಿಕೊಂಡಿರುವ ಕೈಗೆ ತಿಳಿಯುತ್ತದೆ, ಅದೂ ಮೂವತ್ತು ವರ್ಷ ಭಾರ ಹೊತ್ತು ಪಳಗಿದ ಕೈಯಾದರೆ. ಮೈಲಾರಪ್ಪನಿಗೇ ಅರಿವಿಲ್ಲದೆ ಬೆರಳು ಬಿಗಿಯಾಗುತ್ತಿತ್ತು. ಹೆಗಲು ಅದನ್ನು ಊಹಿಸಿ ಅರ್ಧ ಸೆಕೆಂಡು ಮೊದಲೇ ಮೂವರಿಗೆ ದಾಟಿಸುತ್ತಿತ್ತು. ತನಗೆ ಅನಿಸಿತು ಎಂದುಕೊಂಡು ಗುಡ್ಡಪ್ಪ ನಿಲ್ಲಿಸುತ್ತಿದ್ದ. ವನಮಾಲಾ ಒಬ್ಬಳೇ ಗೋದಾಮಿನಲ್ಲಿ ನಕ್ಕಳು, ಕಣ್ಣೂ ಒರೆಸಿಕೊಂಡಳು. ತಾನು ಬರೆದ ತಂತ್ರಾಂಶ ಎರಡು ವರ್ಷ ಮಾಡುತ್ತಿದ್ದ ಅತಿ ಒಳ್ಳೆಯ ಕೆಲಸ ಅವಳಿಗೇ ಗೊತ್ತಿರಲಿಲ್ಲ.

ಮೈಲಾರಪ್ಪನಿಗೆ ಅವಳು ಹೇಳಲಿಲ್ಲ. ಹೇಳಿದರೆ ಆ ಕೈ ಕಾಯತೊಡಗುತ್ತದೆ, ಕಾಯುವ ಕೈ ಇಲ್ಲದ ನಡುಕವನ್ನೂ ಕಾಣುತ್ತದೆ. ಕೌಜಲಗಿಯವರಿಗೆ ಮಾತ್ರ ಭಾನುವಾರ ಎಲ್ಲ ಬರೆದು ಕಳಿಸಿದಳು. ಹೊಸ ಆವೃತ್ತಿ ತನ್ನ ತಪ್ಪು, ಅದನ್ನು ಹಿಂದಕ್ಕೆ ತೆಗೆದಿದ್ದೇನೆ, ಮಾಪಕಗಳು ಸರಿಯಾಗಿವೆ, ಅಂಕದ ನಿಯಮವನ್ನು ಸೋಮವಾರದ ಮಟ್ಟಿಗೆ ತಡೆಹಿಡಿದಿದ್ದೇನೆ ಎಂದು. ಅವರು ಒಂದೇ ಸಾಲು ಬರೆದರು: ಭಾರ ಹೊರದವನನ್ನು ಇಟ್ಟುಕೊಳ್ಳುವುದಕ್ಕೆ ಹತ್ತೊಂಬತ್ತು ಸಲ ಎಂಬ ಲೆಕ್ಕವೊಂದೇ ಸಾಲದು, ನನ್ನ ಕಣ್ಣಿಗೆ ಕಾಣಬೇಕು.

ಸೋಮವಾರ ಹತ್ತು ಗಂಟೆಗೆ ಸಮಿತಿಯ ಆರು ಮಂದಿ ಪರದೆಯಲ್ಲಿ ಬಂದು ಕೂತರು. ಗುಡ್ಡಪ್ಪ ದನಿ ಕೊಟ್ಟ, ನಾಲ್ವರೂ ಕೈ ಎತ್ತಿದರು. ಎಲ್ಲರಿಗೂ ಕಾಣುವಂತೆ ತೂಕ ಮೂಡಿತು: ತೊಂಬತ್ತಾರು, ನೂರೆರಡು, ನಾಲ್ಕು, ತೊಂಬತ್ತೆಂಟು. ಆ ನಾಲ್ಕನ್ನು ನೋಡಿ ಸಮಿತಿಯ ಒಬ್ಬರು ಏನೋ ಗೊಣಗಿದರು. ಗಡ್ಡೆ ಗುಂಡಿಯಿಂದ ಮೊಳಕಾಲೆತ್ತರ ಬಂತು, ಸೊಂಟದೆತ್ತರ ಬಂತು. ಏನೂ ಆಗಲಿಲ್ಲ. ವನಮಾಲಾಗೆ ಮೊದಲ ಸಲ ಬೇರೊಂದು ಹೆದರಿಕೆ ಹುಟ್ಟಿತು. ಗಡ್ಡೆ ಸುಮ್ಮನೆ ಸಲೀಸಾಗಿ ಮೇಲೆ ಬಂದುಬಿಟ್ಟರೆ, ಸಮಿತಿ ಕಾಣುವುದು ಆ ನಾಲ್ಕು ಕಿಲೋವನ್ನು ಮಾತ್ರ.

ಎದೆಯೆತ್ತರದಲ್ಲಿ ನಾಲ್ಕೂ ಕೈ ಒಟ್ಟಿಗೆ ನಿಂತವು.

ನಿಲ್ಲಿಸಲು ಹೇಳಿದವರು ಯಾರು ಎಂದು ಕೌಜಲಗಿ ಕೇಳಿದರು. ಯಾರೂ ಹೇಳಿರಲಿಲ್ಲ. ಗುಡ್ಡಪ್ಪ ಇಳಿಸಲು ಕೂಗಿದ, ಗಡ್ಡೆ ಮರದ ಹಾಸಿನ ಮೇಲೆ ಕೂತಿತು. ಕ್ಯಾಮೆರಾ ಕೆಳಗೆ ಹೋಗಿ ನೋಡಿದರೆ, ಎರಡನೆಯ ಪಟ್ಟಿಯ ಅಡಿಯಲ್ಲಿ ಕಡಲೆಕಾಳಿನಷ್ಟು ಕಲ್ಲು ಹಿಮಕ್ಕೆ ಒತ್ತಿಕೊಂಡು, ಅಲ್ಲಿಂದ ಬಿಳಿಯ ಗೆರೆಯೊಂದು ಗೇಣುದ್ದ ಹರಿದಿತ್ತು. ಪಟ್ಟಿಯನ್ನು ಸರಿಸಿ, ಕಲ್ಲು ತೆಗೆದು, ಮತ್ತೆ ಎತ್ತಿದರು. ಹತ್ತೂ ನಲವತ್ತೈದಕ್ಕೆ ಗಡ್ಡೆ ಇಡಿಯಾಗಿ ಪೆಟ್ಟಿಗೆಯೊಳಗೆ ಹೋಯಿತು.

ವನಮಾಲಾ ಹಮಾಲರಿಗೆ ಕಾಣದಂತೆ, ಕೇಳದಂತೆ ಮಾಡಿ ನಾಲ್ಕು ಗೆರೆಗಳನ್ನು ಸಮಿತಿಯ ಪರದೆಗೆ ತಂದಳು. ಕೌಜಲಗಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮೂರನೆಯ ಗೆರೆ ಮೊದಲು ಬಾಗಿತ್ತು, ಉಳಿದವು ಅದರ ಹಿಂದೆ. ಅಂಕದ ನಿಯಮವನ್ನು ಹೊಸದಾಗಿ ಬರೆಯಿರಿ ಎಂದರು, ಮುಂದಿನ ಎತ್ತಿಗೂ ಇದೇ ನಾಲ್ವರು ಎಂದರು, ಸಮಿತಿ ಎದ್ದು ಹೋಯಿತು.

ಇದ್ಯಾವುದೂ ತಿಳಿಯದ ಮೈಲಾರಪ್ಪ ಬಲಗೈಯಿಂದ ಅಂಗಿಯ ಪಟ್ಟಿ ಬಿಚ್ಚತೊಡಗಿದ್ದ. ಮೂವರಿಗೂ ಒಂದು ಮಾತು ಹೇಳಬೇಕೆಂದ. ಕೈ ಕಾಯತೊಡಗಿದರೂ ಸರಿ, ಈಗ ಹೇಳದಿದ್ದರೆ ಆ ಕೈಯೇ ಉಳಿಯುವುದಿಲ್ಲವೆಂದು ತಿಳಿದು, ಅದಕ್ಕೆ ಮೊದಲು ತನ್ನದೊಂದು ಕೇಳಿ ಎಂದು ವನಮಾಲಾ ತಡೆದಳು. ಇಪ್ಪತ್ಮೂರು ಸಲದ್ದನ್ನು, ಹತ್ತೊಂಬತ್ತನ್ನು, ಇವತ್ತಿನದನ್ನು ಒಂದೊಂದಾಗಿ ತೋರಿಸಿದಳು. ಭಾರವಿಲ್ಲದ ಕೈಗೆ ಮಾತ್ರ ಆ ನಡುಕ ಸಿಗುತ್ತದೆಂಬುದನ್ನೂ ಹೇಳಿದಳು. ಎರಡು ವರ್ಷ ಯಾರೂ ಆಡದ ಮಾತು ಎಲ್ಲರ ಮುಂದೆ ಬಂದು ನಿಂತಿತ್ತು. ಹಜರತಸಾಬ ನೆಲ ನೋಡಿದ. ನಿಂಗರಾಜ ತನ್ನ ಚೌಕದಲ್ಲಿ ಎದ್ದು ನಿಂತು, ಯಾಕೆಂದು ತಿಳಿಯದೆ ಮತ್ತೆ ಕೂತ.

ಮೊದಲು ಬಾಯಿ ಬಿಟ್ಟವನು ಗುಡ್ಡಪ್ಪ. “ಎರಡ್ ವರ್ಸ ನಿಲ್ಲಿಸಿದಾಂವ ನಾ ಅಂತ ತಿಳಕೊಂಡಿದ್ದೆನಲ್ಲೋ, ಮೈಲಾರಿ,” ಎಂದ. “ಊರ ತುಂಬ ಹೇಳ್ಕೋತ ತಿರಗೀನಿ.”

ಮೈಲಾರಪ್ಪ ತನ್ನ ಎಡಗೈಯನ್ನು ಅಂಗಿಯಿಂದ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದನ್ನೇ ನೋಡಿದ. ಗಲ್ಲದ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಹೇಳಬೇಕೆಂದಿದ್ದ ಮಾತು ಏನೆಂದು ಹಜರತಸಾಬ ಕೇಳಿದ.

“ಏನಿಲ್ಲ,” ಎಂದ ಮೈಲಾರಪ್ಪ. “ನಾಳಿ ಎಷ್ಟಕ್ಕ ಕೂಡೂದು, ಅಂತ ಕೇಳಾವಿದ್ದೆ.”